ಒಂದೇ ದಾರಿಯಲ್ಲಿ ಹೋಗಿಬರುವ ಮಾತು

ಪರೀಕ್ಷೆ ಪಾಸಾಗಿ, ಲೈಸೆನ್ಸ್ ಬಂದು, ‘ವಿಯು’ ಎಂದು ಶುರುವಾಗುವ ಕರೆಸಂಕೇತ ಕೈಸೇರಿದ ಮೇಲೂ ಎಷ್ಟೋ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋ ಬಳಸುವವರು, ಸುಮ್ಮನೆ ಕೂರಬೇಕಾಗುತ್ತದೆ. ಮಾತಾಡಲು ಸೆಟ್ಟು ಇರುವುದಿಲ್ಲ. ಊರೊಳಗಿನ ಮಾತುಕತೆಗೆ ಸಾಕಾಗುವ ವಿಎಚ್‌ಎಫ್ ಹ್ಯಾಂಡ್‌ಸೆಟ್ ಹೇಗೋ ಹೊಂದಿಸಿಕೊಳ್ಳಬಹುದು. ಆದರೆ ದೇಶದ ಆ ತುದಿಗೆ, ಕಡಲಾಚೆಗೆ ದನಿ ಮುಟ್ಟಿಸುವ ಶಾರ್ಟ್‌ವೇವ್ ಟ್ರಾನ್ಸೀವರ್ ಬೇಕೆಂದರೆ ಬಹುಪಾಲು ಜಪಾನಿನ ಕಂಪನಿಗಳ ಕಡೆಗೇ ನೋಡಬೇಕು. ಅದರ ಬೆಲೆ, ಮೇಲಿಂದ ಆಮದು ಸುಂಕ ಎಲ್ಲ ಸೇರಿದರೆ ತಿಂಗಳ ಸಂಬಳದಲ್ಲಿ ಬದುಕುವವರಿಗೆ ಎಟುಕುವ ಮಾತಲ್ಲ.

ನಾವೇ ಕಟ್ಟಿಕೊಳ್ಳೋಣ ಎಂದು ಹೊರಟರೆ ಇನ್ನೊಂದು ತೊಡಕು. ಅಮೆರಿಕ, ಇಂಗ್ಲೆಂಡಿನ ಹವ್ಯಾಸಿ ಪತ್ರಿಕೆಗಳಲ್ಲಿ ಬರುತ್ತಿದ್ದ ಸರ್ಕ್ಯೂಟ್‌ಗಳು ಅಲ್ಲಿಯ ಅಂಗಡಿಗಳಲ್ಲಿ ಸಿಗುವ ಬಿಡಿಭಾಗಗಳನ್ನು ನೆಚ್ಚಿಕೊಂಡಿದ್ದವು. ಇಂಥದೇ ನಂಬರಿನ ಟೊರಾಯ್ಡ್ ಕೋರ್, ಇಂಥದೇ ಮಿಕ್ಸರ್ ಚಿಪ್, ಸಿದ್ಧಪಡಿಸಿದ ಕ್ರಿಸ್ಟಲ್ ಫಿಲ್ಟರ್ ಬೇಕು. ಇವುಗಳಲ್ಲಿ ಒಂದು ಸಿಗದಿದ್ದರೂ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

2000ದ ದಶಕದ ಮೊದಲ ವರ್ಷಗಳಲ್ಲಿ ಹೈದರಾಬಾದಿನ ಅಶ್ಹರ್ ಫರ್ಹಾನ್ ಈ ತೊಡಕನ್ನು ತಲೆಕೆಳಗಾಗಿ ನೋಡಿದರು. ಸರ್ಕ್ಯೂಟ್ ಮೊದಲು, ಬಿಡಿಭಾಗ ಆಮೇಲೆ ಎನ್ನುವ ಕ್ರಮವನ್ನು ಬಿಟ್ಟು, ನಮ್ಮ ಪೇಟೆಯಲ್ಲಿ ಖಂಡಿತ ಸಿಗುವುದೇನು ಎಂಬಲ್ಲಿಂದ ಶುರುಮಾಡಿದರು. ಸಾಮಾನ್ಯ ಟ್ರಾನ್ಸಿಸ್ಟರ್ ಸಿಗುತ್ತದೆ. ಡಿಜಿಟಲ್ ಉಪಕರಣಗಳಿಗೆಂದು ಬರುವ 10 ಮೆಗಾಹರ್ಟ್ಸ್ ಕ್ರಿಸ್ಟಲ್ ಸಿಗುತ್ತದೆ. ಟಿವಿ ಆಂಟೆನಾದ ಬ್ಯಾಲನ್ ಕೋರ್ ಸಿಗುತ್ತದೆ. ಕಾಯಿಲ್ ಸುತ್ತಲು ಟೊರಾಯ್ಡ್ ಇಲ್ಲವೇ? ಹಾರ್ಡ್‌ವೇರ್ ಅಂಗಡಿಯಲ್ಲಿ ನಲ್ಲಿಗೆ ಹಾಕುವ ವಾಷರ್ ಇದೆಯಲ್ಲ. ಹೀಗೆ ಮೈದಳೆದದ್ದು ಬಿಟ್‌ಎಕ್ಸ್20. ಹದಿನಾಲ್ಕು ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ, ಆರು ವಾಟ್‌ ಶಕ್ತಿಯ ಎಸ್‌ಎಸ್‌ಬಿ ಟ್ರಾನ್ಸೀವರ್ ಅದು. ಅಯಾನುಗೋಳ ಅನುಕೂಲವಾಗಿದ್ದ ದಿನ ಆರು ವಾಟ್‌ಗೇ ಖಂಡಾಂತರ ಮಾತಾಡಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಸಾಲಿನಲ್ಲಿ ಅಡ್ಡಾಡಿದರೆ ಅದಕ್ಕೆ ಬೇಕಾದ ಹೆಚ್ಚಿನ ಸಾಮಾನು ಚಿಕ್ಕ ಚೀಲದಲ್ಲಿ ಮನೆಗೆ ಬರುತ್ತಿತ್ತು.

ಅಗ್ಗದ ಬೆಲೆಯಿಂದಲೇ ಬಿಟ್‌ಎಕ್ಸ್ ಹೆಸರಾಯಿತು ಎಂದು ಹಲವರು ಹೇಳುತ್ತಾರೆ. ನನಗೆ ಅದರ ದೊಡ್ಡತನ ಬೇರೆ ಕಡೆ ಕಾಣುತ್ತದೆ. ಕಟ್ಟಿದವನೇ ಅದರ ಕಾಯಿಲೆಯನ್ನು ತರ್ಕದಿಂದ ಹುಡುಕಬಹುದು. ಹಾಗೆ ಹುಡುಕಲು ಬರುವಂತೆಯೇ ಅದನ್ನು ರಚಿಸಲಾಗಿದೆ. ಇದು ಹೇಗೆಂದು ತಿಳಿಯಬೇಕಾದರೆ ಒಳಗೆ ಮಾತು ಸಾಗುವ ದಾರಿಯನ್ನು ನೋಡಬೇಕು.

ಆಕಾಶವಾಣಿಯ ಮೀಡಿಯಂ ವೇವ್‌ ಪ್ರಸಾರದಲ್ಲಿ ಒಂದು ವಾಹಕ ತರಂಗ, ಅದರ ಎರಡು ಪಕ್ಕದಲ್ಲಿ ಮಾತಿನ ಎರಡು ಪಡಿಯಚ್ಚು ಇರುತ್ತವೆ. ಈ ಪಡಿಯಚ್ಚುಗಳೇ ಸೈಡ್‌ಬ್ಯಾಂಡ್‌ಗಳು. ಒಂದೇ ಸ್ವರವನ್ನು ಪೂರ್ಣ ಪ್ರಮಾಣದಲ್ಲಿ ಹೇರಿದಾಗಲೂ ಒಟ್ಟು ಶಕ್ತಿಯ ಮೂರನೇ ಎರಡು ಭಾಗ ವಾಹಕಕ್ಕೇ ಹೋಗುತ್ತದೆ, ಒಂದೊಂದು ಸೈಡ್‌ಬ್ಯಾಂಡ್‌ಗೆ ಸಿಗುವುದು ಆರನೇ ಒಂದು ಪಾಲು. ವಾಹಕದಲ್ಲಿ ಮಾತಿಲ್ಲ, ಎರಡು ಸೈಡ್‌ಬ್ಯಾಂಡ್‌ಗಳಲ್ಲಿ ಇರುವುದು ಒಂದೇ ಮಾತು. ಹಾಗಾಗಿ ವಾಹಕವನ್ನೂ ಒಂದು ಸೈಡ್‌ಬ್ಯಾಂಡನ್ನೂ ಕಿತ್ತೆಸೆದು ಉಳಿದ ಒಂದಕ್ಕೇ ಎಲ್ಲ ಶಕ್ತಿ ಸುರಿಯುವುದು ಎಸ್‌ಎಸ್‌ಬಿ. ಆರು ವಾಟ್ ಅಷ್ಟು ದೂರ ಹೋಗುವುದು ಈ ಮಿತವ್ಯಯದಿಂದ.

ಮೈಕಿನ ಸಂಕೇತ ಮೊದಲು ಡಯೋಡ್‌ಗಳ ಮಾಡ್ಯುಲೇಟರ್‌ಗೆ ಹೋಗುತ್ತದೆ. ಅಲ್ಲಿ ಅದು 10 ಮೆಗಾಹರ್ಟ್ಸ್‌ನ ಆಂದೋಲಕದ ಜೊತೆ ಬೆರೆಯುತ್ತದೆ, ವಾಹಕ ಅಲ್ಲೇ ಬಹುಮಟ್ಟಿಗೆ ಅಳಿಯುತ್ತದೆ. ಉಳಿದ ಎರಡು ಸೈಡ್‌ಬ್ಯಾಂಡ್‌ಗಳಲ್ಲಿ ಒಂದನ್ನು ಮಾತ್ರ ಕ್ರಿಸ್ಟಲ್ ಫಿಲ್ಟರ್ ಒಳಬಿಡುತ್ತದೆ. ಆಮೇಲೆ 4 ಮೆಗಾಹರ್ಟ್ಸ್ ಆಸುಪಾಸಿನ ಇನ್ನೊಂದು ಆಂದೋಲಕದ ಜೊತೆ ಸೇರಿಸಿದರೆ ಹತ್ತು ಮತ್ತು ನಾಲ್ಕು ಕೂಡಿ ಹದಿನಾಲ್ಕು. ಕೇಳುವಾಗ ಇದೇ ಲೆಕ್ಕ ಹಿಂದುಮುಂದಾಗುತ್ತದೆ. ಆಂಟೆನಾದಿಂದ ಬಂದ 14ರಲ್ಲಿ 4 ಕಳೆದು 10, ಅದು ಅದೇ ಫಿಲ್ಟರ್ ದಾಟಿ, ಅದೇ 10 ಮೆಗಾಹರ್ಟ್ಸ್ ಆಂದೋಲಕದ ಜೊತೆ ಬೆರೆತು, ಕೊನೆಗೆ ಕಿವಿಗೆ ಕೇಳುವ ದನಿಯಾಗುತ್ತದೆ.

ಎರಡೂ ಕೆಲಸಕ್ಕೆ ಫಿಲ್ಟರ್ ಒಂದೇ, ಆಂದೋಲಕಗಳು ಅವೇ, ಡಯೋಡ್ ಮಿಕ್ಸರ್‌ಗಳೂ ಅವೇ. ಡಯೋಡ್ ಮಿಕ್ಸರಿಗೂ ಫಿಲ್ಟರಿಗೂ ಮುಂದು ಹಿಂದು ಎಂಬುದಿಲ್ಲ, ಯಾವ ಕಡೆಯಿಂದ ಸಂಕೇತ ಕೊಟ್ಟರೂ ಇನ್ನೊಂದು ಕಡೆಯಿಂದ ಬರುತ್ತದೆ. ಒಂದೇ ದಿಕ್ಕಿಗೆ ಕೆಲಸ ಮಾಡುವುದು ನಡುವಿನ ಆಂಪ್ಲಿಫೈಯರ್ ಮಾತ್ರ. ಇದನ್ನು ನಿಭಾಯಿಸಲು ಫರ್ಹಾನ್ ಎರಡು ಟ್ರಾನ್ಸಿಸ್ಟರ್‌ಗಳನ್ನು ಎದುರುಬದುರು ಜೋಡಿಸಿದರು. ಒಂದರ ಬಾಯಿಗೆ ಇನ್ನೊಂದರ ಬಾಲ. ಕೇಳುವಾಗ ಒಂದಕ್ಕೆ ವಿದ್ಯುತ್ತು, ಮಾತಾಡುವಾಗ ಇನ್ನೊಂದಕ್ಕೆ. ವಿದ್ಯುತ್ತಿಲ್ಲದ್ದು ಇದ್ದೂ ಇಲ್ಲದಂತೆ ಸುಮ್ಮನಿರುತ್ತದೆ.

ಈ ಆಂಪ್ಲಿಫೈಯರಿನ ಹತ್ತಿರ ತುಸು ನಿಲ್ಲಬೇಕು. ಬಿಸಿ547 ಎಂಬ ಟ್ರಾನ್ಸಿಸ್ಟರ್ ತೆಗೆದುಕೊಳ್ಳಿ. ಅದರ ವರ್ಧನಶಕ್ತಿ 110ರಿಂದ 800ರವರೆಗೆ ಎಷ್ಟು ಬೇಕಾದರೂ ಇರಬಹುದು ಎಂದು ತಯಾರಕರ ಮಾಹಿತಿಪಟ್ಟಿಯೇ ಹೇಳುತ್ತದೆ. ಅಂದರೆ ಒಂದೇ ಪೊಟ್ಟಣದಿಂದ ತೆಗೆದ ಎರಡು ಟ್ರಾನ್ಸಿಸ್ಟರ್‌ಗಳ ನಡುವೆ ಏಳು ಪಟ್ಟು ವ್ಯತ್ಯಾಸ ಇರಲು ಸಾಧ್ಯ. ಟ್ರಾನ್ಸಿಸ್ಟರಿನ ಗುಣವನ್ನೇ ನಂಬಿ ಸರ್ಕ್ಯೂಟ್ ಮಾಡಿದರೆ ಶಿವಮೊಗ್ಗದಲ್ಲಿ ಕಟ್ಟಿದ ಸೆಟ್ಟು ಒಂದು ರೀತಿ, ಕಲಬುರಗಿಯಲ್ಲಿ ಕಟ್ಟಿದ್ದು ಇನ್ನೊಂದು ರೀತಿ ಆಡುತ್ತದೆ. ಇದಕ್ಕೆ ಪರಿಹಾರ ಹಿಂಮರಳಿಕೆ. ಕಲೆಕ್ಟರಿನಿಂದ ಬೇಸಿಗೆ ಒಂದು ರೆಸಿಸ್ಟರ್, ಎಮಿಟರಿನಲ್ಲಿ ಇನ್ನೊಂದು ರೆಸಿಸ್ಟರ್ ಹಾಕಿ, ಹೊರಬಂದ ಸಂಕೇತದ ಒಂದಂಶವನ್ನು ಒಳಬರುವ ಸಂಕೇತಕ್ಕೆ ವಿರುದ್ಧವಾಗಿ ಹಿಂದಕ್ಕೆ ಕೊಡುತ್ತಾರೆ. ಇದರಿಂದ ವರ್ಧನೆ ಕಡಿಮೆಯಾಗುತ್ತದೆ, ಆದರೆ ಎಷ್ಟು ವರ್ಧನೆ ಎಂಬುದನ್ನು ನಿರ್ಧರಿಸುವ ಅಧಿಕಾರ ಟ್ರಾನ್ಸಿಸ್ಟರಿನ ಕೈತಪ್ಪಿ ರೆಸಿಸ್ಟರುಗಳಿಗೆ ಹೋಗುತ್ತದೆ. ರೆಸಿಸ್ಟರ್‌ನ ಮೌಲ್ಯ ಶೇಕಡಾ ಐದರೊಳಗೆ ಕರಾರುವಾಕ್ಕಾಗಿ ಎಲ್ಲೆಡೆ ಸಿಗುತ್ತದೆ. ವರ್ಧನೆಯ ಜೊತೆಗೆ ಒಳಬಾಗಿಲು ಹೊರಬಾಗಿಲುಗಳ ಇಂಪೀಡೆನ್ಸ್ ಕೂಡ ಸ್ಥಿರವಾಗುವುದರಿಂದ ಒಂದು ಹಂತವನ್ನು ಇನ್ನೊಂದಕ್ಕೆ ನೆಮ್ಮದಿಯಿಂದ ಜೋಡಿಸಬಹುದು. ಯಾವ ಊರಿನಲ್ಲಿ, ಯಾರು ಕಟ್ಟಿದರೂ ಒಂದೊಂದು ಹಂತವೂ ಸರಿಸುಮಾರು ಒಂದೇ ರೀತಿ ನಡೆದುಕೊಳ್ಳುತ್ತದೆ. ಹಾಗೆ ನಡೆದುಕೊಳ್ಳದಿದ್ದರೆ ಅದು ಟ್ರಾನ್ಸಿಸ್ಟರಿನ ಹಣೆಬರಹವಲ್ಲ, ಹುಡುಕಬಹುದಾದ ಒಂದು ತಪ್ಪು.

ಕ್ರಿಸ್ಟಲ್ ಫಿಲ್ಟರನ್ನೂ ಮನೆಯಲ್ಲೇ ಮಾಡಿಕೊಳ್ಳಬೇಕು. ಒಂದೇ ಕಂಪನಾಂಕದ ನಾಲ್ಕು ಕ್ರಿಸ್ಟಲ್‌ಗಳನ್ನು ಏಣಿಯ ಹಾಗೆ ಸಾಲಾಗಿಟ್ಟು ನಡುನಡುವೆ ಕೆಪಾಸಿಟರ್ ಹಾಕಿದರೆ ಸುಮಾರು ಎರಡೂವರೆ ಕಿಲೋಹರ್ಟ್ಸ್ ಅಗಲದ ಕಿಂಡಿ ಸಿದ್ಧ. ಮಾತು ಹಾಯಲು ಅಷ್ಟು ಸಾಕು. ತೊಂದರೆ ಏನೆಂದರೆ ಅಂಗಡಿಯ ಕ್ರಿಸ್ಟಲ್‌ ಮೇಲೆ 10.000 ಎಂದು ಅಚ್ಚಾಗಿದ್ದರೂ ಹತ್ತು ಲಕ್ಷಕ್ಕೆ ಮೂವತ್ತು ಪಾಲು ಆಚೀಚೆ ಇರಬಹುದು. ಹತ್ತು ಮೆಗಾಹರ್ಟ್ಸ್‌ನಲ್ಲಿ ಅದು 300 ಹರ್ಟ್ಸ್. ಎರಡೂವರೆ ಸಾವಿರದ ಕಿಂಡಿಗೆ ಮುನ್ನೂರರ ಏರುಪೇರು ಸಣ್ಣದಲ್ಲ, ಮಾತು ಒಡೆದು ಬರುತ್ತದೆ. ಅದಕ್ಕೆ ಒಂದೆರಡು ಡಜನ್ ಕ್ರಿಸ್ಟಲ್ ತಂದು, ಒಂದೊಂದನ್ನೂ ಚಿಕ್ಕ ಆಂದೋಲಕದಲ್ಲಿ ಸಿಕ್ಕಿಸಿ, ಫ್ರೀಕ್ವೆನ್ಸಿ ಕೌಂಟರಿನಲ್ಲಿ ಓದಿ, ತಲೆಯ ಮೇಲೆ ಮಾರ್ಕರಿನಿಂದ ಕೊನೆಯ ಮೂರಂಕಿ ಬರೆದಿಡುತ್ತಾರೆ. ಬೆರಳಿನಲ್ಲಿ ಹಿಡಿದ ಬಿಸಿಗೇ ಓದು ಸರಿಯುತ್ತದೆ, ಸಿಕ್ಕಿಸಿದ ಮೇಲೆ ಅರೆಗಳಿಗೆ ಕಾದು ಓದಬೇಕು. ನೂರು ಹರ್ಟ್ಸ್ ಒಳಗೆ ಹೊಂದುವ ನಾಲ್ಕು ಸಿಕ್ಕರೆ ಅವು ಫಿಲ್ಟರಿಗೆ. ಗುಂಪಿಗೆ ಸೇರದ್ದನ್ನು ಎಸೆಯಬೇಡಿ, ಆಂದೋಲಕಕ್ಕೆ ಅದೇ ಸಾಕು. ಟ್ರಿಮ್ಮರ್ ತಿರುಗಿಸಿ ಅದನ್ನು ಬೇಕಾದ ಕಡೆಗೆ ಎಳೆಯಬಹುದು.

ಹಳೆಯ ಬಿಟ್‌ಎಕ್ಸ್ ಕಟ್ಟಿದವರು ಹೆಚ್ಚು ಒದ್ದಾಡಿದ್ದು ಸ್ಟೇಷನ್ ಹಿಡಿಯುವ ಆಂದೋಲಕದ ಜೊತೆ. ಕಾಯಿಲ್ ಬಿಸಿಯಾದಂತೆ ಅದರ ಅಳತೆ ಬದಲಾಗುತ್ತದೆ, ಕೆಪಾಸಿಟರ್ ಬಿಸಿಯಾದಂತೆ ಅದರ ಮೌಲ್ಯವೂ ಬದಲಾಗುತ್ತದೆ. ಮಾತಾಡುತ್ತಿದ್ದಂತೆ ಸೆಟ್ಟು ಮೆಲ್ಲಗೆ ಪಕ್ಕಕ್ಕೆ ಸರಿಯುತ್ತದೆ, ಕೇಳುವವರು ಬೆನ್ನಟ್ಟಬೇಕಾಗುತ್ತದೆ. ಎಸ್‌ಎಸ್‌ಬಿಯಲ್ಲಿ ನೂರಿನ್ನೂರು ಹರ್ಟ್ಸ್ ತಪ್ಪಿದರೂ ದನಿ ವಿಕಾರವಾಗುತ್ತದೆ. 2016ರಲ್ಲಿ ಬಂದ 7 ಮೆಗಾಹರ್ಟ್ಸ್‌ನ ಬಿಟ್‌ಎಕ್ಸ್40 ಬೋರ್ಡಿಗೂ ಈ ಚಾಳಿ ಇತ್ತು. ಬಹಳ ಜನ ಅದರ ಆಂದೋಲಕವನ್ನು ಬದಿಗಿಟ್ಟು ಎಸ್‌ಐ5351 ಎಂಬ ಚಿಪ್ಪನ್ನೂ ಅದನ್ನು ನಡೆಸುವ ಆರ್ಡುಯಿನೋ ನ್ಯಾನೋವನ್ನೂ ಸೇರಿಸಿಕೊಂಡರು. ಆಮೇಲೆ ಕಿಟ್ಟಿನ ಜೊತೆಗೇ ಅಂಥ ಬೋರ್ಡು ಬರತೊಡಗಿತು. ಕಾಯಿಲ್ ನೆಚ್ಚಿದ ಆಂದೋಲಕದ ಜಾಗಕ್ಕೆ ಕ್ರಿಸ್ಟಲ್ ನೆಚ್ಚಿದ್ದು ಬಂತು, ಓಲಾಟ ನಿಂತಿತು. ಮಾರ್ಪಾಡುಗಳಲ್ಲೆಲ್ಲ ಇದೇ ಅತ್ಯಂತ ಸಾರ್ಥಕವಾದದ್ದೆಂದು ನನ್ನ ಎಣಿಕೆ.

ಈಗ ರಿಪೇರಿಗೆ ಬರೋಣ. ಕಟ್ಟಿ ಮುಗಿಸಿದ ಸೆಟ್ಟು ಚೆನ್ನಾಗಿ ಕೇಳುತ್ತದೆ, ಆದರೆ ಮೈಕಿನ ಗುಂಡಿ ಒತ್ತಿ ಹಲೋ ಎಂದರೆ ಪವರ್ ಮೀಟರಿನ ಮುಳ್ಳು ಅಲುಗುವುದಿಲ್ಲ ಎಂದಿಟ್ಟುಕೊಳ್ಳಿ. ಬೋರ್ಡಿನ ಮೇಲೆ ನೂರಾರು ಬಿಡಿಭಾಗ. ಎಲ್ಲಿಂದ ಶುರುಮಾಡುವುದು?

ಕೇಳಿಸುತ್ತಿದೆ ಎಂಬ ಒಂದೇ ಸಾಕ್ಷಿ ಎಷ್ಟು ಹೇಳುತ್ತದೆ ನೋಡಿ. ಕೇಳಬೇಕಾದರೆ ಎರಡು ಆಂದೋಲಕಗಳೂ ನಡೆಯುತ್ತಿರಬೇಕು. ಎರಡು ಮಿಕ್ಸರ್‌ಗಳೂ ಸರಿಯಿರಬೇಕು, ಅವುಗಳ ಮೂರೆಳೆ ಕಾಯಿಲ್‌ಗಳ ತುದಿಗಳು ಸರಿಯಾಗಿಯೇ ಸೇರಿರಬೇಕು. ಕ್ರಿಸ್ಟಲ್ ಫಿಲ್ಟರ್ ಮಾತನ್ನು ಬಿಡುತ್ತಿರಬೇಕು. ಇವೆಲ್ಲ ಮಾತಾಡುವ ದಾರಿಯಲ್ಲೂ ಇರುವವೇ. ಹಾಗಾಗಿ ಅರ್ಧ ಬೋರ್ಡನ್ನು ಒಂದು ತಂತಿ ಮುಟ್ಟದೆ ಅನುಮಾನದಿಂದ ಹೊರಗಿಡಬಹುದು. ಉಳಿದದ್ದು ಮೈಕು, ಅದರ ಆಂಪ್ಲಿಫೈಯರ್, ಕಳಿಸುವಾಗ ಮಾತ್ರ ವಿದ್ಯುತ್ತು ಪಡೆಯುವ ಟ್ರಾನ್ಸಿಸ್ಟರ್‌ಗಳು, ಡ್ರೈವರ್ ಮತ್ತು ಕೊನೆಯ ಪವರ್ ಹಂತ. ಬಿಟ್‌ಎಕ್ಸ್‌ನಲ್ಲಿ ಒಂದು ದಿಕ್ಕು ಇನ್ನೊಂದು ದಿಕ್ಕಿಗೆ ಸಾಕ್ಷಿ ನುಡಿಯುತ್ತದೆ. ಇಂಥ ಅನುಕೂಲ ರಿಸೀವರ್ ಬೇರೆ, ಟ್ರಾನ್ಸ್‌ಮಿಟರ್ ಬೇರೆ ಇದ್ದ ಹಳೆಯ ಸೆಟ್ಟುಗಳಲ್ಲಿ ಇರಲಿಲ್ಲ.

ಮುಂದಿನದು ಮಲ್ಟಿಮೀಟರ್ ಕೆಲಸ. ಆಂಟೆನಾ ಜಾಗಕ್ಕೆ ಡಮ್ಮಿ ಲೋಡ್ ಹಾಕಿ. 220 ಓಮ್‌ನ ಎರಡು ವಾಟ್ ರೆಸಿಸ್ಟರ್ ನಾಲ್ಕನ್ನು ಸಮಾಂತರವಾಗಿ ಬೆಸೆದರೆ 55 ಓಮ್ ಆಗುತ್ತದೆ, ಅಷ್ಟು ಹತ್ತಿರವಿದ್ದರೆ ಸಾಕು. ತಂತಿ ಸುತ್ತಿದ ರೆಸಿಸ್ಟರ್ ಬೇಡ, ಶಾರ್ಟ್‌ವೇವ್‌ನಲ್ಲಿ ಅದು ಕಾಯಿಲ್ ಆಗಿಬಿಡುತ್ತದೆ. ಗುಂಡಿ ಒತ್ತಿ ಹಿಡಿದು ಟ್ರಾನ್ಸ್‌ಮಿಟ್ ಲೈನಿನಲ್ಲಿ 12 ವೋಲ್ಟ್ ಬರುತ್ತಿದೆಯೇ ನೋಡಿ. ಬಾರದಿದ್ದರೆ ರಿಲೇ, ಇಲ್ಲವೇ ಗುಂಡಿಯ ವೈರು. ಬಂದರೆ ಕಳಿಸುವ ಒಂದೊಂದು ಟ್ರಾನ್ಸಿಸ್ಟರಿನ ಎಮಿಟರಿಗೂ ಮೀಟರ್ ಮೊನೆ ಇಡುತ್ತ ಹೋಗಿ. ಬೇಸಿನ ವೋಲ್ಟೇಜು ಎಮಿಟರಿಗಿಂತ 0.6ರಿಂದ 0.7ರಷ್ಟು ಹೆಚ್ಚಿರಬೇಕು. ಎಮಿಟರಿನಲ್ಲಿ ಏನೂ ಇಲ್ಲವೆಂದರೆ ಆ ಟ್ರಾನ್ಸಿಸ್ಟರಿನಲ್ಲಿ ಕರೆಂಟು ಹರಿಯುತ್ತಿಲ್ಲ.

ಅಲ್ಲಿ ಕಣ್ಣಿಟ್ಟು ನೋಡಿದರೆ ಬಹಳ ಸಲ ಸಿಗುವುದು ಕಾಯಿಲ್ ತಂತಿಯ ತುದಿ. ಎನಾಮಲ್ ತಂತಿಯ ಮೇಲಿನ ಅರಗು ಪೂರ್ತಿ ಕೆರೆಯದೆ ಸೋಲ್ಡರ್ ಹಾಕಿದರೆ ಸೀಸ ಸುತ್ತಲೂ ಹೊಳೆಯುತ್ತ ಚಂದವಾಗಿ ಕೂರುತ್ತದೆ, ಒಳಗಿನ ತಾಮ್ರಕ್ಕೆ ಮಾತ್ರ ಮುಟ್ಟಿರುವುದಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ತಂತಿ ಸೀಸದೊಳಗೆ ಇಳಿಯುವಲ್ಲಿ ಕೂದಲೆಳೆಯಷ್ಟು ಕಂದು ಉಂಗುರ ಕಾಣುತ್ತದೆ. ಅದೇ ಉಳಿದ ಅರಗು. ಬ್ಲೇಡಿನಿಂದ ಸುತ್ತಲೂ ಕೆರೆದು, ತುದಿಗೆ ಮೊದಲು ಸೀಸ ಬಳಿದು, ಆಮೇಲೆ ಬೋರ್ಡಿಗೆ ಬೆಸೆಯಬೇಕು.

ವೋಲ್ಟೇಜ್‌ಗಳೆಲ್ಲ ಸರಿಯಿದ್ದರೆ ಆರ್‌ಎಫ್ ಪ್ರೋಬ್ ಬೇಕು. ಹಳೆಯ ರೇಡಿಯೋದಿಂದ ಕಿತ್ತ ಒಂದು ಜರ್ಮೇನಿಯಂ ಡಯೋಡ್, ಒಂದು ಕೆಪಾಸಿಟರ್, ಒಂದು ರೆಸಿಸ್ಟರ್ ಸೇರಿದರೆ ಪ್ರೋಬ್ ಆಯಿತು. ಮೈಕಿನೆದುರು ಒಂದೇ ಸಮ ಸಿಳ್ಳೆ ಹಾಕುತ್ತ ಒಂದೊಂದೇ ಹಂತದ ಹೊರಬಾಗಿಲು ಮುಟ್ಟಿದರೆ ಸಂಕೇತ ಎಲ್ಲಿಯವರೆಗೆ ಬಂದು ಎಲ್ಲಿ ಸತ್ತಿದೆ ಎಂದು ಗೊತ್ತಾಗುತ್ತದೆ. 50 ಓಮ್ ಲೋಡಿನ ಮೇಲೆ ಪ್ರೋಬ್ ಸುಮಾರು 26 ವೋಲ್ಟ್ ತೋರಿಸಿದರೆ ಏಳು ವಾಟ್ ಬಂತೆಂದು ಲೆಕ್ಕ.

ಕೊನೆಯ ಪವರ್ ಹಂತದಲ್ಲಿ ಕೂತಿರುವುದು ಐಆರ್‌ಎಫ್510. ಅದನ್ನು ರೇಡಿಯೋಗೆಂದು ಮಾಡಿದ್ದಲ್ಲ, ಸ್ವಿಚ್ಚಿನ ಕೆಲಸಕ್ಕೆ ಮಾಡಿದ ಅಗ್ಗದ ಮಾಸ್‌ಫೆಟ್. ಹ್ಯಾಮ್‌ಗಳು ಅದನ್ನು ಶಾರ್ಟ್‌ವೇವ್ ಚಾಕರಿಗೆ ಹಚ್ಚಿದರು. ಅದರ ಬೆನ್ನಿನ ಲೋಹದ ತಗಡು ಡ್ರೈನ್‌ಗೇ ಸೇರಿಕೊಂಡಿರುವುದರಿಂದ ಹೀಟ್‌ಸಿಂಕಿಗೆ ಕೂರಿಸುವಾಗ ನಡುವೆ ಅಭ್ರಕದ ಹಾಳೆ ಇಡಲೇಬೇಕು. ಬಯಾಸ್ ಪ್ರಿಸೆಟ್ಟನ್ನು ಪೂರ್ತಿ ಕೆಳಗಿಳಿಸಿ, ಸಪ್ಲೈ ದಾರಿಯಲ್ಲಿ ಆಮ್ಮೀಟರ್ ಹಾಕಿ, ಮೈಕು ಕಳಚಿ ಗುಂಡಿ ಒತ್ತಬೇಕು. ಪ್ರಿಸೆಟ್ಟನ್ನು ಎಳ್ಳಷ್ಟೆಳ್ಳಷ್ಟು ತಿರುಗಿಸಿದಾಗ ಗೇಟು ಮೂರು ನಾಲ್ಕು ವೋಲ್ಟಿನ ಹತ್ತಿರ ಬರುವವರೆಗೂ ಏನೂ ಆಗುವುದಿಲ್ಲ, ಆಮೇಲೆ ಕರೆಂಟು ತಟ್ಟನೆ ಏರುತ್ತದೆ. ಪವರ್ ಹಂತದ ಕರೆಂಟು 100 ಮಿಲಿಆಂಪಿಯರ್ ಆಸುಪಾಸಿಗೆ ಬಂದಾಗ ಕೈ ತೆಗೆಯಿರಿ.

ಮೈಕು ಕಳಚಿದ್ದರೂ ಲೋಡ್ ಬಿಸಿಯಾಗುತ್ತಿದ್ದರೆ? ಇಲ್ಲೂ ತರ್ಕವೇ ದಾರಿ. 10 ಮೆಗಾಹರ್ಟ್ಸ್ ಆಂದೋಲಕವನ್ನು ನಿಲ್ಲಿಸಿ ನೋಡಿ. ಪವರ್ ನಿಂತಿತೆಂದರೆ ಅದು ಸೋರಿದ ವಾಹಕ, ಮಾಡ್ಯುಲೇಟರಿನ ಪ್ರಿಸೆಟ್ ಸರಿಹೊಂದಿಸಿದರೆ ಅಡಗುತ್ತದೆ. ನಿಲ್ಲದಿದ್ದರೆ ಆಂಪ್ಲಿಫೈಯರ್ ತನ್ನಷ್ಟಕ್ಕೆ ತಾನೇ ಆಂದೋಲಕವಾಗಿದೆ. ಹೊರಹೋಗುವ ವೈರು ಒಳಬರುವ ವೈರಿನ ಹತ್ತಿರ ಹಾದಿರುತ್ತದೆ, ಇಲ್ಲವೇ ಸಪ್ಲೈಗೆ ಹಾಕಬೇಕಾದ ಕೆಪಾಸಿಟರಿನ ಕಾಲು ಉದ್ದವಾಗಿರುತ್ತದೆ.

ಸೆಟ್ಟು ನಡೆದ ಮೇಲೆ ಬದಲಾಯಿಸುವ ಚಪಲ ಹುಟ್ಟುತ್ತದೆ. ಬಿಟ್‌ಎಕ್ಸ್40ರ ಪವರ್ ಹಂತಕ್ಕೆ ಸಪ್ಲೈ ಬೇರೆಯಾಗಿಯೇ ಇರುವುದರಿಂದ ಅಲ್ಲಿಗೆ 24 ವೋಲ್ಟ್ ಕೊಟ್ಟು ಏಳು ವಾಟನ್ನು ಇಪ್ಪತ್ತರ ಹತ್ತಿರ ಒಯ್ಯುವವರು ಇದ್ದಾರೆ. ನಾನು ಹೇಳುವುದು ಮೊದಲು ಎಜಿಸಿ ಹಾಕಿ ಎಂದು. ಮೂಲ ಸರ್ಕ್ಯೂಟಿನಲ್ಲಿ ದನಿಯ ಮಟ್ಟವನ್ನು ತಾನಾಗಿ ತಗ್ಗಿಸುವ ವ್ಯವಸ್ಥೆ ಇಲ್ಲ. ದೂರದ ಕ್ಷೀಣ ದನಿಗೆ ವಾಲ್ಯೂಮ್ ಏರಿಸಿ ಹೆಡ್‌ಫೋನ್ ಹಾಕಿಕೊಂಡಿರುವಾಗ ಪಕ್ಕದೂರಿನವರು ಮಾತು ಶುರುಮಾಡಿದರೆ ಕಿವಿಗೆ ನಿಜವಾಗಿ ಪೆಟ್ಟು ಬೀಳುತ್ತದೆ.

ಸ್ವತಃ ಕಟ್ಟುವವರ ಹೊಣೆ ತಮ್ಮ ಮನೆಯ ಗೋಡೆಗೆ ನಿಲ್ಲುವುದಿಲ್ಲ. 2017ರ ಕೊನೆಗೆ ಬಂದ ಮೈಕ್ರೋಬಿಟ್‌ಎಕ್ಸ್ ಇದನ್ನು ಚೆನ್ನಾಗಿ ಕಲಿಸಿತು. 3ರಿಂದ 30 ಮೆಗಾಹರ್ಟ್ಸ್‌ವರೆಗೆ ಎಲ್ಲ ಬ್ಯಾಂಡ್‌ಗಳಲ್ಲಿ ನಡೆಯುವ ಹತ್ತು ವಾಟ್ ಸೆಟ್ಟು ಅದು. ಅಷ್ಟು ಅಗಲ ಹರಡಲು ಮಾತನ್ನು ಮೊದಲು 45 ಮೆಗಾಹರ್ಟ್ಸ್‌ಗೆ ಏರಿಸಿ, ಬೇಕಾದ ಕಂಪನಾಂಕಕ್ಕಿಂತ 45 ಹೆಚ್ಚಿರುವ ಆಂದೋಲಕದಿಂದ ಕಳೆಯುತ್ತದೆ. 28ರಲ್ಲಿ ಮಾತಾಡಬೇಕೆಂದರೆ ಆಂದೋಲಕ 73ರಲ್ಲಿ, 73ರಲ್ಲಿ 45 ಕಳೆದರೆ 28.

ಬೋರ್ಡುಗಳು ದೇಶದೇಶಗಳಿಗೆ ಹೋದವು. ಸ್ಪೆಕ್ಟ್ರಮ್ ಅನಲೈಸರ್ ಇದ್ದ ಕೆಲವು ಹ್ಯಾಮ್‌ಗಳು ಸೆಟ್ಟಿನಿಂದ ಹೊರಬರುವುದನ್ನು ಅಳೆದರು. 28ರಲ್ಲಿ ಮಾತಾಡಿದಾಗ 17ರಲ್ಲೂ ಒಂದು ಮುಳ್ಳು ಎದ್ದು ನಿಂತಿತ್ತು. 17 ಬಂದದ್ದೆಲ್ಲಿಂದ? 45ರ ಹಂತದಲ್ಲಿ ಸಂಕೇತ ತುಸು ಜೋರಾದರೆ ಅದರ ದುಪ್ಪಟ್ಟು 90 ಹುಟ್ಟುತ್ತದೆ. 90ರಲ್ಲಿ 73 ಕಳೆದರೆ 17. ಆಂಟೆನಾದ ಮುಂದೆ ಇರುವ ಲೋಪಾಸ್ ಫಿಲ್ಟರ್ 30ರ ಮೇಲಿನದನ್ನು ತಡೆಯುತ್ತದೆಯೇ ಹೊರತು ಅದರ ಕೆಳಗಿನದನ್ನಲ್ಲ. 17 ಆರಾಮವಾಗಿ ಹೊರಗೆ ಹೋಗುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ ಈ ಕಾಟವಿಲ್ಲ, ಅಲ್ಲಿ ಆಂದೋಲಕ 52, ಕಳೆದು ಬರುವುದು 38, ಅದು ಫಿಲ್ಟರಿಗೆ ಸಿಕ್ಕಿಬೀಳುತ್ತದೆ. ಕೆಳ ಬ್ಯಾಂಡ್‌ಗಳಲ್ಲಿ ಕಂಡದ್ದು ಬೇರೆ ದೋಷ: ಫಿಲ್ಟರಿನ ಒಳಹೊರಗಿನ ಎರಡು ತುದಿಗಳನ್ನೂ ಒಂದೇ ರಿಲೇ ಬದಲಾಯಿಸುತ್ತಿದ್ದರಿಂದ ಹಾರ್ಮೋನಿಕ್‌ಗಳು ಫಿಲ್ಟರ್ ದಾಟದೆ ರಿಲೇಯೊಳಗೇ ನುಸುಳಿ ಹೋಗುತ್ತಿದ್ದವು. ಅಮೆರಿಕದ ನಿಯಮದ ಪ್ರಕಾರ ಇಂಥ ಬೇಡದ ಸಂಕೇತ ಮೂಲದ ಶಕ್ತಿಗಿಂತ 43 ಡೆಸಿಬೆಲ್ ಕೆಳಗಿರಬೇಕು, ಅಂದರೆ ಇಪ್ಪತ್ತು ಸಾವಿರದಲ್ಲಿ ಒಂದು ಪಾಲು.

ಸರ್ಕ್ಯೂಟ್ ಎಲ್ಲರೆದುರು ತೆರೆದಿದ್ದರಿಂದ ದೋಷವೂ ಎಲ್ಲರೆದುರು ಬಿಡಿಸಿಕೊಂಡಿತು. ಕೆಲವರು ರಿಲೇ ಬದಲಾಯಿಸಿದರು, ಕೆಲವರು ಹೊರಗಿನ ಫಿಲ್ಟರ್ ಸೇರಿಸಿದರು, ಫರ್ಹಾನ್ ಮುಂದಿನ ಆವೃತ್ತಿಯಲ್ಲಿ ರಿಲೇಗಳ ಜೋಡಣೆಯನ್ನೇ ಬದಲಿಸಿದರು. ಮೊದಲ ಆವೃತ್ತಿಗಳ ಬೋರ್ಡುಗಳು ಇವತ್ತಿಗೂ ಕೈಬದಲಾಗುತ್ತಿರುತ್ತವೆ. ಅಂಥದೊಂದು ನಿಮಗೆ ಸಿಕ್ಕರೆ, ಈಗ ಟೈನಿಎಸ್‌ಎ ಎಂಬ ಅಂಗೈಯಗಲದ ಸ್ಪೆಕ್ಟ್ರಮ್ ಅನಲೈಸರ್ ಬಂದಿದೆ, ಕ್ಲಬ್ಬಿನ ಗೆಳೆಯರಲ್ಲಿ ಒಬ್ಬರ ಹತ್ತಿರವಾದರೂ ಇರುತ್ತದೆ, ಕೇಳಿ ತನ್ನಿ. ಹತ್ತು ವಾಟನ್ನು ಅದರ ಬಾಯಿಗೆ ನೇರ ಕೊಟ್ಟರೆ ಸುಟ್ಟುಹೋಗುತ್ತದೆ. ಹತ್ತು ವಾಟನ್ನು ತಡೆದುಕೊಳ್ಳುವ 40 ಡೆಸಿಬೆಲ್ ಅಟೆನ್ಯುಯೇಟರ್ ನಡುವೆ ಹಾಕಿದರೆ ಅದು ಒಂದು ಮಿಲಿವಾಟ್‌ಗೆ ಇಳಿಯುತ್ತದೆ. 28ಕ್ಕೆ ಟ್ಯೂನ್ ಮಾಡಿ ಸಿಳ್ಳೆ ಹಾಕಿ 17ರ ಕಡೆ ನೋಡಿ. ಆಮೇಲೆ 21ಕ್ಕೆ ಬನ್ನಿ. ಆಂದೋಲಕ ಆಗ 66ರಲ್ಲಿರುತ್ತದೆ, 90ರಲ್ಲಿ 66 ಕಳೆದು ಮುಳ್ಳು 24ರಲ್ಲಿ ಏಳಬೇಕು. ಅಲ್ಲೇ ಎದ್ದರೆ ಕಾರಣ ಇದೇ, ಮದ್ದು 45ರ ಹಂತದಲ್ಲಿದೆ. ಬೇರೆಲ್ಲೋ ಎದ್ದರೆ ಪೆನ್ಸಿಲು ತೆಗೆದುಕೊಂಡು ಹೊಸದಾಗಿ ಕೂಡಿ ಕಳೆಯಬೇಕು.